ಬ್ಯಾಟರಿಯೊಳಗಿನ ರಾಮನ್

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಸರ್ ಸಿ.ವಿ. ರಾಮನ್ ಎಂದರೆ ಒಂದು ಅಂಕದ ಪ್ರಶ್ನೆ. ನೊಬೆಲ್ ಬಂದದ್ದು 1930, ವಿಜ್ಞಾನ ದಿನ ಫೆಬ್ರುವರಿ 28, ಭಾರತ ರತ್ನ 1954. ಇಷ್ಟನ್ನು ಬಾಯಿಪಾಠ ಮಾಡಿಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ನಾನೂ ಹಾಗೇ ಹೋಗಿದ್ದೆ. ಮತ್ತೆ ಅವರ ಕಡೆ ತಿರುಗಿ ನೋಡುವಂತೆ ಮಾಡಿದ್ದು ನನ್ನ ಸೆಮಿನಾರ್ ವಿಷಯ. ಅದು ಲಿಥಿಯಂ ಅಯಾನ್ ಬ್ಯಾಟರಿಯ ಎಲೆಕ್ಟ್ರೋಡನ್ನು ಲೇಸರ್‌ನಿಂದ ಸುಧಾರಿಸುವ ಬಗ್ಗೆ ಇತ್ತು.

ನಮ್ಮ ಮೊಬೈಲಿನಲ್ಲಿ, ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಇರುವ ಬ್ಯಾಟರಿಯ ಒಂದು ಎಲೆಕ್ಟ್ರೋಡ್ ಎಂದರೆ ತೆಳು ತಾಮ್ರದ ಹಾಳೆಯ ಮೇಲೆ ಬಳಿದ ಗ್ರಾಫೈಟ್ ಪದರ. ಗ್ರಾಫೈಟ್ ಪೆನ್ಸಿಲ್ ಕಡ್ಡಿಯಲ್ಲಿರುವ ಇಂಗಾಲವೇ. ಪದರದ ದಪ್ಪ ಹೆಚ್ಚುಕಡಿಮೆ ನಮ್ಮ ಒಂದು ತಲೆಗೂದಲಿನಷ್ಟು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ದ್ರಾವಣದಲ್ಲಿ ಹರಿದು ಬಂದು ಗ್ರಾಫೈಟಿನ ಹಾಳೆಗಳ ನಡುವೆ ಕೂರಬೇಕು. ದೇವಿಕೊಪ್ಪದಿಂದ ಕಲಘಟಗಿಗೆ ಬೆಳಿಗ್ಗೆ ಹೋಗುವ ಬಸ್ಸನ್ನು ನೆನೆಸಿಕೊಳ್ಳಿ. ಹಿಂದೆ ಸೀಟು ಖಾಲಿ ಇರುತ್ತವೆ, ಜನ ಮಾತ್ರ ಬಾಗಿಲಲ್ಲೇ ಗಂಟು ಬಿದ್ದಿರುತ್ತಾರೆ, ಕಂಡಕ್ಟರ್ ಒಳಗೆ ಸರಿಯಿರಿ ಎಂದು ಕೂಗುತ್ತಲೇ ಇರುತ್ತಾನೆ. ಬೇಗ ಚಾರ್ಜ್ ಮಾಡಲು ಹೋದರೆ ಬ್ಯಾಟರಿಯಲ್ಲೂ ಇದೇ ಆಗುತ್ತದೆ. ಒಳಗೆ ಹೋಗಲಾರದ ಲಿಥಿಯಂ ಮೇಲ್ಮೈಯಲ್ಲೇ ಲೋಹವಾಗಿ ಕೂತುಬಿಡುತ್ತದೆ. ಬ್ಯಾಟರಿಯ ಆಯುಷ್ಯ ಕಡಿಮೆಯಾಗುತ್ತದೆ, ಅಪಾಯವೂ ಇದೆ. ಇದಕ್ಕೆ ಜರ್ಮನಿಯ ಕಾರ್ಲ್ಸ್‌ರೂಹೆ ಮತ್ತು ಮ್ಯೂನಿಕ್‌ನ ತಾಂತ್ರಿಕ ಸಂಸ್ಥೆಗಳಲ್ಲಿ ಕೆಲಸ ಮಾಡುತ್ತಿರುವ ಒಂದು ಉಪಾಯವೆಂದರೆ, ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗದಷ್ಟು ಅಥವಾ ಅದಕ್ಕೂ ಚಿಕ್ಕದಾದ ಲೇಸರ್ ಮಿಡಿತಗಳಿಂದ ಆ ಪದರದಲ್ಲಿ ಸಾಲಾಗಿ ಸಣ್ಣ ತೂತು ಅಥವಾ ಗೀರು ಕೊರೆಯುವುದು. ಬಸ್ಸಿಗೆ ಒಂದೇ ಬಾಗಿಲಿನ ಬದಲು ಉದ್ದಕ್ಕೂ ಬಾಗಿಲು ಇಟ್ಟ ಹಾಗೆ.

ಸೆಮಿನಾರಿನ ತಯಾರಿಯಲ್ಲಿ ನಮ್ಮ ಮೇಷ್ಟ್ರು ಒಂದು ಪ್ರಶ್ನೆ ಕೇಳಿದರು. ತೂತಿನ ಸುತ್ತಲಿನ ಗ್ರಾಫೈಟ್ ಲೇಸರಿನ ಶಾಖಕ್ಕೆ ಕೆಟ್ಟಿಲ್ಲ ಎಂದು ಹೇಗೆ ಗೊತ್ತಾಗುತ್ತದೆ? ನನಗೆ ಗೊತ್ತಿರಲಿಲ್ಲ. ಹುಡುಕಿದಾಗ ಎಲ್ಲ ಪ್ರಬಂಧಗಳಲ್ಲೂ ಒಂದೇ ಹೆಸರು ಸಿಕ್ಕಿತು, ರಾಮನ್ ರೋಹಿತ. ಹಾಗಾಗಿ ಬ್ಯಾಟರಿಯನ್ನು ಬದಿಗಿಟ್ಟು ನಾಲ್ಕು ದಿನ ಆ ಮನುಷ್ಯನ ಬದುಕನ್ನೇ ಓದಿದೆ.

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರು. ಅವರಿಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದರಿಂದ ಹುಡುಗ ಅಲ್ಲಿ ಬೆಳೆದ. ಹನ್ನೊಂದನೆಯ ವಯಸ್ಸಿಗೆ ಮೆಟ್ರಿಕ್ ಮುಗಿಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ. ಮೊದಲ ದರ್ಜೆಯಲ್ಲಿ, ಚಿನ್ನದ ಪದಕದೊಂದಿಗೆ ಪಾಸು. ಹದಿನೆಂಟಕ್ಕೆ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಬೆಳಕಿನ ಬಗ್ಗೆ ಸಂಶೋಧನಾ ಪ್ರಬಂಧ ಪ್ರಕಟವಾಯಿತು. ಅದು ಯಾವ ಗೈಡಿನ ಹೆಸರೂ ಜೊತೆಗಿಲ್ಲದ, ಒಬ್ಬ ವಿದ್ಯಾರ್ಥಿಯ ಪ್ರಬಂಧ. ಇದನ್ನು ಓದುವಾಗ, ಇಪ್ಪತ್ತಕ್ಕೆ ಇನ್ನೂ ಬ್ಯಾಕ್‌ಲಾಗ್ ಲೆಕ್ಕ ಹಾಕುವ ನಮ್ಮಂಥವರಿಗೆ ಸ್ವಲ್ಪ ಹೊಟ್ಟೆಕಿಚ್ಚಾಗುವುದು ಸಹಜ.

ಇಂಥ ಹುಡುಗ ಇಂಗ್ಲೆಂಡಿಗೆ ಹೋಗಿ ಮುಂದೆ ಓದಬೇಕಿತ್ತು. ಆದರೆ ಆರೋಗ್ಯ ಅಷ್ಟು ಗಟ್ಟಿ ಇಲ್ಲ, ಅಲ್ಲಿನ ಹವೆ ತಡೆಯಲಾರ ಎಂದು ವೈದ್ಯರು ತಡೆದರು. ಇಲ್ಲಿ ಉಳಿದರೆ ವಿಜ್ಞಾನದಿಂದ ಹೊಟ್ಟೆ ತುಂಬುವ ದಾರಿ ಆಗ ಇರಲಿಲ್ಲ. ಹಾಗಾಗಿ ಅವರು ಮಾಡಿದ್ದು ಇವತ್ತು ನಮ್ಮ ಮನೆಗಳಲ್ಲಿ ಎಲ್ಲರೂ ಹೇಳುವುದನ್ನೇ. ಸರ್ಕಾರಿ ಪರೀಕ್ಷೆ ಬರೆದರು. ಹಣಕಾಸು ಇಲಾಖೆಯ ಅಖಿಲ ಭಾರತ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂತು. 1907ರಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ, ಕಲ್ಕತ್ತಾದಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಹುದ್ದೆ. ಅದೇ ವರ್ಷ ಲೋಕಸುಂದರಿ ಅವರೊಡನೆ ಮದುವೆ.

ರಾಮನ್ ವಿಜ್ಞಾನಕ್ಕಾಗಿ ಕೆಲಸ ಬಿಟ್ಟರು ಎಂದು ಭಾಷಣಗಳಲ್ಲಿ ಹೇಳುತ್ತಾರೆ. ಬಿಟ್ಟದ್ದು ನಿಜ. ಆದರೆ ಬಿಡುವ ಮೊದಲು ಹತ್ತು ವರ್ಷ ಆ ಕೆಲಸ ಮಾಡಿದರು ಎಂಬುದನ್ನು ಹೇಳುವುದಿಲ್ಲ. ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಈ ಹತ್ತು ವರ್ಷ.

ಕಲ್ಕತ್ತಾಕ್ಕೆ ಹೋದ ಹೊಸದರಲ್ಲಿ ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ಬೀದಿಯಲ್ಲಿ ಒಂದು ಫಲಕ ಕಣ್ಣಿಗೆ ಬಿತ್ತು. ಅದು ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಜನರಿಂದ ಚಂದಾ ಎತ್ತಿ ಕಟ್ಟಿದ ಸಂಸ್ಥೆ. ಪ್ರಯೋಗಾಲಯ ಇತ್ತು, ಉಪಕರಣ ಇದ್ದವು, ಕೆಲಸ ಮಾಡುವವರು ಮಾತ್ರ ಇರಲಿಲ್ಲ. ರಾಮನ್ ಇಳಿದು ಹೋಗಿ ಬಾಗಿಲು ತಟ್ಟಿದರು. ತೆರೆದ ಆಶುತೋಷ್ ಡೇ ಮುಂದೆ ವರ್ಷಗಟ್ಟಲೆ ಅವರ ಸಹಾಯಕರಾದರು. ಅಂದಿನಿಂದ ದಿನಚರಿ ಹೀಗಾಯಿತು: ನಸುಕಿನಲ್ಲಿ ಎದ್ದು ಪ್ರಯೋಗಾಲಯ, ಅಲ್ಲಿಂದ ಮನೆಗೆ ಓಡಿ ಬಂದು ಸ್ನಾನ ಊಟ, ಕಚೇರಿ, ಸಂಜೆ ಕಚೇರಿಯಿಂದ ನೇರ ಮತ್ತೆ ಪ್ರಯೋಗಾಲಯ, ರಾತ್ರಿ ಒಂಬತ್ತೋ ಹತ್ತೋ ಗಂಟೆಗೆ ಮನೆ. ಭಾನುವಾರ ಪೂರ್ತಿ ಅಲ್ಲೇ. ನಡುವೆ ರಂಗೂನಿಗೆ, ನಾಗಪುರಕ್ಕೆ ವರ್ಗವಾಯಿತು. ಅಲ್ಲಿ ಮನೆಯಲ್ಲೇ ಪ್ರಯೋಗಕ್ಕೆ ಜಾಗ ಮಾಡಿಕೊಂಡರು. 1911ರಲ್ಲಿ ಮತ್ತೆ ಕಲ್ಕತ್ತಾ. ಕಚೇರಿಯ ಲೆಕ್ಕದಲ್ಲೂ ಅವರು ಹಿಂದೆ ಬೀಳಲಿಲ್ಲ, ಇಲಾಖೆಗೆ ಬೇಕಾದ ಅಧಿಕಾರಿಯಾಗಿಯೇ ಇದ್ದರು.

ಈ ಅವಧಿಯಲ್ಲಿ ಅವರು ಹೆಚ್ಚು ಕೆಲಸ ಮಾಡಿದ್ದು ಧ್ವನಿಯ ಮೇಲೆ. ಪಿಟೀಲು, ವೀಣೆ, ತಂಬೂರಿ, ಮೃದಂಗ, ತಬಲಾ. ಸಾಮಾನ್ಯ ಡೋಲಿನ ಚರ್ಮದಿಂದ ಏಳುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಅದಕ್ಕೇ ಅದು ಬರೀ ಸದ್ದಾಗುತ್ತದೆ. ತಬಲಾ, ಮೃದಂಗದ ನಡುವೆ ಹಚ್ಚುವ ಕಪ್ಪು ಕರಣೆಯ ಭಾರ ಆ ಉಪಸ್ವರಗಳನ್ನು ಸರಿಯಾದ ಲೆಕ್ಕಕ್ಕೆ ತಂದು ನಿಲ್ಲಿಸುತ್ತದೆ, ಆಗ ಚರ್ಮವೂ ತಂತಿಯ ಹಾಗೆ ಸ್ವರ ಹಿಡಿಯುತ್ತದೆ. ಇದನ್ನು ಅಳೆದು ತೋರಿಸಿದ್ದು ರಾಮನ್. ಮನೆಗೊಬ್ಬರು ಹಾಡುವವರಿರುವ ಧಾರವಾಡ ಜಿಲ್ಲೆಯಲ್ಲಿ ಹುಟ್ಟಿ ನನಗೆ ಇದು ಗೊತ್ತಿರಲಿಲ್ಲ. ಯಾವುದೇ ವಸ್ತು ತನ್ನದೇ ಲೆಕ್ಕದಲ್ಲಿ ಕಂಪಿಸುತ್ತದೆ, ಆ ಕಂಪನ ಕೇಳಿಸಿಕೊಂಡರೆ ವಸ್ತುವಿನ ಒಳಗುಟ್ಟು ತಿಳಿಯುತ್ತದೆ. ತಬಲಾದಿಂದ ಕಲಿತ ಈ ಯೋಚನೆ ಮುಂದೆ ಅಣುಗಳ ತನಕ ಹೋಯಿತು ಎಂದು ನನಗೆ ಅನ್ನಿಸುತ್ತದೆ.

ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿ ಆಶುತೋಷ್ ಮುಖರ್ಜಿ ಭೌತಶಾಸ್ತ್ರದ ಪಾಲಿತ್ ಪೀಠಕ್ಕೆ ರಾಮನ್‌ರನ್ನು ಕರೆದರು. ಸಂಬಳ ಸರ್ಕಾರಿ ಕೆಲಸದ ಅರ್ಧದಷ್ಟು. ಜೊತೆಗೆ ಒಂದು ಷರತ್ತು, ಆ ಪೀಠದಲ್ಲಿ ಕೂರುವವರು ವಿದೇಶದಲ್ಲಿ ತರಬೇತಿ ಪಡೆದಿರಬೇಕು. ಸಂಬಳ ಕಡಿಮೆಯಾದದ್ದಕ್ಕೆ ರಾಮನ್ ತಕರಾರು ಮಾಡಲಿಲ್ಲ, ವಿದೇಶಕ್ಕೆ ಹೋಗಿ ಕಲಿತು ಬರುವುದಿಲ್ಲ ಎಂದು ಮಾತ್ರ ಪಟ್ಟು ಹಿಡಿದರು. ಕೊನೆಗೆ ಷರತ್ತೇ ಸಡಿಲವಾಯಿತು. 1917ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಮೇಲಿನ ಹುದ್ದೆಗಳೆಲ್ಲ ಕಾಯುತ್ತಿದ್ದ ನೌಕರಿಗೆ ರಾಜೀನಾಮೆ ಕೊಟ್ಟರು. ಆ ಹೊತ್ತಿಗೆ ಅವರ ಹೆಸರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರಬಂಧಗಳಿದ್ದವು. ಅಂದರೆ ಕಣ್ಣು ಮುಚ್ಚಿ ಬಾವಿಗೆ ಹಾರಿದ್ದಲ್ಲ. ಹತ್ತು ವರ್ಷ ನೀರಿನ ಆಳ ನೋಡಿ ಇಳಿದದ್ದು.

1921ರಲ್ಲಿ ಆಕ್ಸ್‌ಫರ್ಡಿನ ಸಮ್ಮೇಳನಕ್ಕೆ ಹೋಗಿ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಆಕಾಶದ ನೀಲಿ ನೀರಿನಲ್ಲಿ ಪ್ರತಿಫಲಿಸಿ ಸಮುದ್ರ ನೀಲಿಯಾಗಿ ಕಾಣುತ್ತದೆ ಎಂಬುದು ಆಗಿನ ದೊಡ್ಡವರ ಮಾತು. ರಾಮನ್ ಜೇಬಿನಲ್ಲಿದ್ದ ಸಣ್ಣ ನಿಕಲ್ ಪ್ರಿಸಂ ಹಿಡಿದು ಪ್ರತಿಫಲನವನ್ನು ಕಳೆದು ನೋಡಿದರು. ನೀಲಿ ಹೋಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ಬರೆದ ಪತ್ರವನ್ನು ಮುಂಬಯಿ ಬಂದರಿನಿಂದಲೇ ನೇಚರ್ ಪತ್ರಿಕೆಗೆ ಕಳಿಸಿದರು.

ಅಲ್ಲಿಂದ ಏಳು ವರ್ಷ ಅವರ ಶಿಷ್ಯರ ತಂಡ ದ್ರವಗಳ ಮೂಲಕ ಬೆಳಕು ಹಾಯಿಸುವುದನ್ನೇ ಮಾಡಿತು. 1923ರಲ್ಲಿ ಕೆ.ಆರ್. ರಾಮನಾಥನ್ ಅವರಿಗೆ ಚದುರಿದ ಬೆಳಕಿನ ಜೊತೆ ಬೇರೆ ಬಣ್ಣದ ಒಂದು ಮಸುಕು ಬೆಳಕು ಕಂಡಿತು. ಅದು ದ್ರವದಲ್ಲಿನ ಕಲ್ಮಶದಿಂದ ಇರಬೇಕೆಂದುಕೊಂಡು ಎಷ್ಟು ಶುದ್ಧ ಮಾಡಿದರೂ ಹೋಗಲಿಲ್ಲ. ಬಿಡುವಿನ ವೇಳೆಯಲ್ಲಿ ಪ್ರಯೋಗಾಲಯಕ್ಕೆ ಬರುತ್ತಿದ್ದ ವೆಂಕಟೇಶ್ವರನ್ ಅವರಿಗೆ ಗ್ಲಿಸರಿನ್‌ನಲ್ಲಿ ಹಸಿರು ಹೊಳಪು ಕಂಡಿತು. 1928ರ ಆರಂಭದಲ್ಲಿ ರಾಮನ್ ಇದನ್ನು ಕೆ.ಎಸ್. ಕೃಷ್ಣನ್ ಕೈಗೆ ಕೊಟ್ಟರು. ಏಳು ಇಂಚಿನ ದೂರದರ್ಶಕದಿಂದ ಬಿಸಿಲನ್ನು ಒಟ್ಟುಗೂಡಿಸಿ, ಬಣ್ಣದ ಗಾಜುಗಳಿಂದ ಸೋಸಿ, ಕತ್ತಲ ಕೋಣೆಯಲ್ಲಿ ಕಣ್ಣಿನಿಂದಲೇ ನೋಡುವ ಪ್ರಯೋಗ. ಫೆಬ್ರುವರಿ 28ರಂದು ರೋಹಿತದರ್ಶಕದಲ್ಲಿ ಗೊಂದಲ ಕಳೆದು ಸ್ಪಷ್ಟವಾಯಿತು. ಒಳಗೆ ಹೋದ ಬೆಳಕಿನ ಬಣ್ಣ ಒಂದು, ಹೊರಬಂದ ಬೆಳಕಿನಲ್ಲಿ ಅದರ ಜೊತೆ ಮತ್ತೊಂದು.

ಇದರ ಅರ್ಥ ಸರಳ. ಅಣುವಿಗೆ ತಾಗಿದ ಬೆಳಕಿನ ಬಹುಪಾಲು ಹೇಗೆ ಬಂತೋ ಹಾಗೇ ಮರಳುತ್ತದೆ. ಕೋಟಿಗೆ ಒಂದರಂತೆ ಕೆಲವು ಕಣಗಳು ಮಾತ್ರ ಅಣುವಿನ ಕಂಪನಕ್ಕೆ ಸ್ವಲ್ಪ ಶಕ್ತಿ ಕೊಟ್ಟು, ಅಥವಾ ಅದರಿಂದ ಪಡೆದು, ಬೇರೆ ಬಣ್ಣವಾಗಿ ಬರುತ್ತವೆ. ಎಷ್ಟು ಬದಲಾಗಿದೆ ಎಂದು ಅಳೆದರೆ ಅಣು ಯಾವ ಲೆಕ್ಕದಲ್ಲಿ ಕಂಪಿಸುತ್ತಿದೆ ಎಂದು ಗೊತ್ತಾಗುತ್ತದೆ. ಪ್ರತಿ ವಸ್ತುವಿಗೂ ಅದರದೇ ಹೆಬ್ಬೆಟ್ಟಿನ ಗುರುತು. ಮಾರ್ಚ್ 16ರಂದು ಈ ಕೆಲಸವನ್ನು ವಿಜ್ಞಾನಿಗಳ ಸಭೆಯ ಮುಂದೆ ರಾಮನ್ ವಿವರವಾಗಿ ಇಟ್ಟದ್ದು ನಮ್ಮ ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನೆಯಲ್ಲಿ. ಅದೇ ಹೊತ್ತಿಗೆ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಸ್ಫಟಿಕದಲ್ಲಿ ಇದನ್ನೇ ಕಂಡಿದ್ದರು, ಪ್ರಕಟಿಸುವುದರಲ್ಲಿ ತಡವಾದರು. 1930ರ ನೊಬೆಲ್ ರಾಮನ್ ಒಬ್ಬರಿಗೇ ಬಂತು. ವಿಜ್ಞಾನದಲ್ಲಿ ಏಷ್ಯಾಕ್ಕೆ ಬಂದ ಮೊದಲ ನೊಬೆಲ್ ಅದು. ಕತ್ತಲಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡ ಕೃಷ್ಣನ್ ಹೆಸರು ನಮ್ಮ ಒಂದು ಅಂಕದ ಪ್ರಶ್ನೆಯಲ್ಲಿ ಬರುವುದಿಲ್ಲ. ಬರಬೇಕಿತ್ತು.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಆಮೇಲೆ ಬೆಂಗಳೂರು ಬಿಡಲಿಲ್ಲ. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿದರು. ಆದರೆ ಇಲ್ಲಿನ ಮೊದಲ ವರ್ಷಗಳು ಜಗಳದ ವರ್ಷಗಳು. ಭೌತಶಾಸ್ತ್ರ ವಿಭಾಗಕ್ಕೇ ಹಣವೆಲ್ಲ ಹೋಗುತ್ತಿದೆ ಎಂಬ ದೂರು ಬಂತು. ಹಿಟ್ಲರನ ಜರ್ಮನಿಯಿಂದ ಹೊರಬಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು ಬೆಂಗಳೂರಿಗೆ ಕರೆತಂದರು. ಅವರನ್ನು ಇಲ್ಲೇ ಕಾಯಂ ಮಾಡುವ ಪ್ರಯತ್ನ ಸಂಸ್ಥೆಯೊಳಗಿನ ವಿರೋಧಕ್ಕೆ ಸಿಕ್ಕಿ ಕೆಟ್ಟಿತು. 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಪ್ರಾಧ್ಯಾಪಕರಾಗಿ 1948ರ ತನಕ ಮುಂದುವರಿದರು. ಮುಂದೆ ಅದೇ ಬಾರ್ನ್ ಜೊತೆ ಹರಳುಗಳ ಕಂಪನದ ಸಿದ್ಧಾಂತದ ಮೇಲೆ ವರ್ಷಗಟ್ಟಲೆ ವಾದ ನಡೆಯಿತು. ಪ್ರಯೋಗಗಳು ಬಾರ್ನ್ ಕಡೆ ವಾಲಿದವು. ರಾಮನ್ ಒಪ್ಪಲಿಲ್ಲ. ಹಡಗಿನ ಮೇಲೆ ದೊಡ್ಡವರ ಮಾತು ನಂಬದ ಅದೇ ಹಟ ಇಲ್ಲಿ ಅವರನ್ನು ತಪ್ಪು ದಾರಿಗೆ ಒಯ್ದಿತು.

ಇನ್ನೊಂದು ಸಂಗತಿಯನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. 1933ರಲ್ಲಿ ಮುಂಬಯಿಯಿಂದ ಒಳ್ಳೆಯ ಅಂಕ ಪಡೆದು ಬಂದ ಕಮಲಾ ಭಾಗವತ್ ಅವರಿಗೆ, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರಿಗೆ, ಹೆಣ್ಣು ಎಂಬ ಕಾರಣಕ್ಕೆ ರಾಮನ್ ಪ್ರವೇಶ ನಿರಾಕರಿಸಿದರು. ಆಕೆ ಬಿಡಲಿಲ್ಲ. ಒಂದು ವರ್ಷ ಪರೀಕ್ಷಾರ್ಥ ಎಂಬ, ಯಾವ ಹುಡುಗನಿಗೂ ಹಾಕದ ಷರತ್ತಿನ ಮೇಲೆ ಒಳಗೆ ಬಿಟ್ಟರು. ಆಕೆಯ ಕೆಲಸ ನೋಡಿದ ಮೇಲೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಕಮಲಾ ಮುಂದೆ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದರು.

ಹಾಗೆ ತೆರೆದ ಬಾಗಿಲಿನಿಂದ 1940ರಲ್ಲಿ ರಾಮನ್ ಪ್ರಯೋಗಾಲಯಕ್ಕೆ ಬಂದವರು ಅನ್ನಾ ಮಣಿ. ಇಲ್ಲಿಗೆ ನಮ್ಮ ಬ್ಯಾಟರಿಯ ದಾರಿ ಹತ್ತಿರವಾಗುತ್ತದೆ. ಬೆಂಗಳೂರಿನ ವರ್ಷಗಳಲ್ಲಿ ರಾಮನ್‌ಗೆ ವಜ್ರದ ಹುಚ್ಚು. ವಜ್ರ ಅಂದರೆ ಶುದ್ಧ ಇಂಗಾಲ, ಗ್ರಾಫೈಟಿನ ಒಡಹುಟ್ಟು. ಪರಮಾಣುಗಳ ಜೋಡಣೆ ಮಾತ್ರ ಬೇರೆ. ಅನ್ನಾ ಮಣಿ ಮೂವತ್ತಕ್ಕೂ ಹೆಚ್ಚು ವಜ್ರಗಳ ರೋಹಿತ ತೆಗೆದರು. ರಾಮನ್ ಬೆಳಕು ಅಷ್ಟು ಮಸುಕು, ಒಂದು ಚಿತ್ರ ಮೂಡಲು ಫೋಟೊ ಫಲಕವನ್ನು ಹದಿನೈದು ಇಪ್ಪತ್ತು ಗಂಟೆ ತೆರೆದಿಡಬೇಕಿತ್ತು. ಎಷ್ಟೋ ರಾತ್ರಿ ಪ್ರಯೋಗಾಲಯದಲ್ಲೇ ಕಳೆದವು. 1945ರಲ್ಲಿ ಮಹಾಪ್ರಬಂಧ ಸಲ್ಲಿಸಿದರೆ, ಎಂ.ಎಸ್‌ಸಿ. ಇಲ್ಲ ಎಂದು ಮದ್ರಾಸ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. ಅವರು ಹವಾಮಾನ ಇಲಾಖೆಗೆ ಸೇರಿ ದೇಶಕ್ಕೆ ಬೇಕಾದ ಮಾಪನ ಉಪಕರಣಗಳನ್ನು ಇಲ್ಲೇ ತಯಾರಿಸುವ ಕೆಲಸ ಕಟ್ಟಿದರು. ನಮಗೆ ಮಾರ್ಕ್ಸ್ ಕಾರ್ಡಿನ ಕೊರಗು ಬಂದಾಗ ಅನ್ನಾ ಮಣಿಯವರ ಬಗ್ಗೆ ಓದಬಹುದು.

ನಿವೃತ್ತಿಯ ಮೇಲೆ ರಾಮನ್ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. ಮೈಸೂರು ಮಹಾರಾಜರು ಕೊಟ್ಟಿದ್ದ ಜಾಗ, ಊರೂರು ತಿರುಗಿ ಎತ್ತಿದ ಹಣ. ಸರ್ಕಾರದ ದುಡ್ಡು ಬೇಡವೆಂಬ ಹಟ. ಅಲ್ಲಿ ಗುಲಾಬಿ ಬೆಳೆಸಿದರು, ಹೂವಿನ ಬಣ್ಣ, ಹರಳು, ಕಣ್ಣಿನ ದೃಷ್ಟಿ ಇವುಗಳ ಮೇಲೆ ಕೊನೆಯ ತನಕ ಕೆಲಸ ಮಾಡಿದರು.

ಈ ನಡುವೆ ಅವರ ಹೆಸರಿನ ರೋಹಿತ ಮೂಲೆಗೆ ಸೇರುತ್ತಿತ್ತು. ಎರಡನೆಯ ಮಹಾಯುದ್ಧದ ನಂತರ ಅವಕೆಂಪು ರೋಹಿತಮಾಪಕಗಳು ಸುಲಭವಾಗಿ ಸಿಗತೊಡಗಿದ್ದವು. ಗಂಟೆಗಟ್ಟಲೆ ಫಲಕ ಹಿಡಿದು ಕೂರುವ ರಾಮನ್ ವಿಧಾನ ಯಾರಿಗೆ ಬೇಕು? ಅದಕ್ಕೆ ಬೇಕಿದ್ದದ್ದು ಒಂದೇ ಬಣ್ಣದ, ತೀವ್ರವಾದ, ಸೂಜಿಮೊನೆಯಷ್ಟು ಜಾಗಕ್ಕೆ ಹಿಡಿಯಬಹುದಾದ ಬೆಳಕು. ಅದು 1960ರ ಮೇ 16ರಂದು ಅಮೆರಿಕದಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಕಡ್ಡಿಯಿಂದ ಹೊರಡಿಸಿದ ಲೇಸರ್. ಎರಡೇ ವರ್ಷದಲ್ಲಿ ಲೇಸರ್ ಹಿಡಿದು ರಾಮನ್ ರೋಹಿತ ತೆಗೆದರು. ಬಿಸಿಲಿನಲ್ಲಿ ಹುಟ್ಟಿದ ವಿದ್ಯೆಗೆ ಮೂವತ್ತು ವರ್ಷದ ಮೇಲೆ ತಕ್ಕ ದೀಪ ಸಿಕ್ಕಿತು. ಇಂದು ಅದೇ ಚಿತ್ರ ನಿಮಿಷದೊಳಗೆ ಬರುತ್ತದೆ.

1970ರಲ್ಲಿ ಟುಯಿನ್‌ಸ್ಟ್ರಾ ಮತ್ತು ಕೋನಿಗ್ ಎಂಬಿಬ್ಬರು ಲೇಸರ್ ಬಳಸಿ ಗ್ರಾಫೈಟಿನ ರಾಮನ್ ರೋಹಿತ ಪ್ರಕಟಿಸಿದರು. ಅದರಲ್ಲಿ ಎರಡು ಶಿಖರ ಕಾಣುತ್ತವೆ. ಸುಮಾರು 1580ರ ಹತ್ತಿರ ಒಂದು, ಅದು ಕ್ರಮಬದ್ಧ ಗ್ರಾಫೈಟಿನದು. 1350ರ ಹತ್ತಿರ ಇನ್ನೊಂದು, ಅದು ಜೋಡಣೆ ಮುರಿದಲ್ಲಿ ಮಾತ್ರ ಏಳುವುದು. ಎರಡನೆಯದು ಮೊದಲಿನದಕ್ಕೆ ಹೋಲಿಸಿದರೆ ಎಷ್ಟು ಎತ್ತರ ಎಂದು ನೋಡಿದರೆ ಗ್ರಾಫೈಟ್ ಎಷ್ಟು ಕೆಟ್ಟಿದೆ ಎಂದು ಹೇಳಬಹುದು. ನಮ್ಮ ಮೇಷ್ಟ್ರ ಪ್ರಶ್ನೆಗೆ ಉತ್ತರ ಇದೇ. ಎಲೆಕ್ಟ್ರೋಡಿನಲ್ಲಿ ತೂತು ಕೊರೆಯುವುದು ಒಂದು ಲೇಸರ್. ಆಮೇಲೆ ತೂತಿನ ಅಂಚಿಗೆ ಇನ್ನೊಂದು ಸೌಮ್ಯ ಲೇಸರ್ ಹಿಡಿದು ಮರಳಿ ಬರುವ ಬೆಳಕನ್ನು ಅಳೆಯುತ್ತಾರೆ. ತೂತಿನಿಂದ ದೂರದ ಗ್ರಾಫೈಟಿಗೂ ಅಂಚಿನದಕ್ಕೂ ಎರಡು ಶಿಖರಗಳ ಅನುಪಾತ ಒಂದೇ ಇದ್ದರೆ ಶಾಖ ಹರಡಿಲ್ಲ. 1350ರದು ಎದ್ದಿದ್ದರೆ ಮಿಡಿತ ಉದ್ದವಾಗಿದೆ ಅಥವಾ ಶಕ್ತಿ ಜಾಸ್ತಿಯಾಗಿದೆ, ಸರಿಪಡಿಸಬೇಕು.

ಆ ವರ್ಷ ಅಕ್ಟೋಬರ್ 2ರಂದು ರಾಮನ್ ತಮ್ಮ ಸಂಸ್ಥೆಯಲ್ಲಿ ಪ್ರತಿ ವರ್ಷ ಕೊಡುತ್ತಿದ್ದ ಗಾಂಧಿ ಸ್ಮಾರಕ ಉಪನ್ಯಾಸ ಕೊಟ್ಟರು. ವಿಷಯ ಕಿವಿ ಹೇಗೆ ಕೇಳುತ್ತದೆ ಎಂಬುದು. ತಬಲಾದ ದಿನಗಳಿಗೇ ಮರಳಿದ ಹಾಗೆ. ಕೆಲವು ವಾರಗಳ ನಂತರ ಪ್ರಯೋಗಾಲಯದಲ್ಲಿ ಕುಸಿದರು. ಆಸ್ಪತ್ರೆಯಲ್ಲಿ ಉಳಿಯಲು ಒಪ್ಪದೆ ಸಂಸ್ಥೆಗೇ ಮರಳಿದರು. ನವೆಂಬರ್ 21ರಂದು ತೀರಿಕೊಂಡರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲೇ ದಹನ ಮಾಡಿದರು. ಅಲ್ಲಿ ಸಮಾಧಿ ಕಟ್ಟಿಲ್ಲ, ಒಂದು ಮರ ನೆಟ್ಟಿದ್ದಾರೆ. ಬೇಸಿಗೆಯ ಮುಂಚೆ ಅದು ಹಳದಿ ಹೂ ಬಿಡುತ್ತದಂತೆ.

– ಬಿ.ಇ. ವಿದ್ಯಾರ್ಥಿ, ದೇವಿಕೊಪ್ಪ, ಕಲಘಟಗಿ ತಾಲ್ಲೂಕು